‘ಮಾಜಿ ಕ್ಷೇತ್ರ’ ಎನ್ನಬಹುದೇ? ‘ಏಕಮತ’ದ ಗೆಲುವು ಯಾವುದು?

ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದ ಚುನಾವಣೆಗಳ ಬಗ್ಗೆ ಒಂದು ಟಿಪ್ಪಣಿ ಬರೆಯಲು ಹೊರಟವನು ಮೊದಲ ಸಾಲಿನಲ್ಲೇ ನಿಂತುಬಿಟ್ಟಿದ್ದೇನೆ. ಚಾಮರಾಜನಗರ ಜಿಲ್ಲೆಯ ಈ ಮೀಸಲು ಕ್ಷೇತ್ರ ಈಗ ಇಲ್ಲ. 2001ರ ಜನಗಣತಿಯನ್ನು ಆಧಾರವಾಗಿಟ್ಟುಕೊಂಡು ನಡೆದ ಪುನರ್ವಿಂಗಡಣೆಯಲ್ಲಿ ಅದರ ಹೆಸರು ಪಟ್ಟಿಯಿಂದ ಬಿಟ್ಟುಹೋಯಿತು. 2008ರ ಮೇ ತಿಂಗಳಲ್ಲಿ ಹೊಸ ಗಡಿಗಳ ಪ್ರಕಾರ ಚುನಾವಣೆ ನಡೆದಾಗ ಸಂತೇಮರಹಳ್ಳಿಯ ಮತದಾರರು ಕೊಳ್ಳೇಗಾಲ ಕ್ಷೇತ್ರದ ಮತದಾರರಾಗಿದ್ದರು. ಇಂಥ ಕ್ಷೇತ್ರವನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು ಎಂಬುದೇ ನನ್ನ ಮೊದಲ ಪ್ರಶ್ನೆ.

ಈಚೆಗೆ ಹಲವು ಕಡೆ ‘ಮಾಜಿ ವಿಧಾನಸಭಾ ಕ್ಷೇತ್ರ’ ಎಂಬ ಪ್ರಯೋಗ ಕಣ್ಣಿಗೆ ಬೀಳುತ್ತಿದೆ. ಓದಿದ ಕೂಡಲೇ ಕಿವಿಗೆ ಒಗ್ಗುವುದಿಲ್ಲ, ಆದರೆ ಏಕೆ ಒಗ್ಗುವುದಿಲ್ಲ ಎಂದು ಹೇಳಲು ಸ್ವಲ್ಪ ಯೋಚಿಸಬೇಕಾಯಿತು. ‘ಮಾಜಿ’ ಅರಬ್ಬಿಯಲ್ಲಿ ‘ಕಳೆದುಹೋದ’ ಎಂಬ ಅರ್ಥವುಳ್ಳ ಪದದಿಂದ ಬಂದದ್ದು; ಮರಾಠಿಯಲ್ಲೂ ಇದೇ ರೂಪದಲ್ಲಿದೆ. ಮರೆಮಾಡು ಎಂಬ ಅರ್ಥದ ನಮ್ಮ ಹಳೆಯ ‘ಮಾಜು’ ಧಾತುವಿಗೂ ಇದಕ್ಕೂ ನಂಟಿಲ್ಲ. ಇದರ ಜೋಡಿಯಾದ ‘ಹಾಲಿ’ಯೂ ಅರಬ್ಬಿ ಮೂಲದ್ದೇ. ಮೂಲಾರ್ಥವನ್ನಷ್ಟೇ ನೋಡಿದರೆ ಕಳೆದುಹೋದ ಕ್ಷೇತ್ರವನ್ನು ‘ಮಾಜಿ’ ಎನ್ನಲು ಅಡ್ಡಿಯೇನೂ ಇಲ್ಲ. ಅಡ್ಡಿ ಇರುವುದು ಕನ್ನಡದ ಬಳಕೆಯಲ್ಲಿ. ‘ಹಾಲಿ’ ಮನುಷ್ಯರನ್ನು ದಾಟಿ ವಸ್ತುಗಳಿಗೂ ಹಬ್ಬಿದೆ: ಹಾಲಿ ದರ, ಹಾಲಿ ಇರುವ ರಸ್ತೆ, ಪತ್ರಗಳಲ್ಲಿ ಬರುವ ‘ಹಾಲಿ ವಾಸ’. ‘ಮಾಜಿ’ ಹಾಗೆ ಹಬ್ಬಲಿಲ್ಲ. ಮಾಜಿ ದರ, ಮಾಜಿ ರಸ್ತೆ ಎಂದು ಯಾರೂ ಹೇಳುವುದಿಲ್ಲ. ಅದು ಸ್ಥಾನವೊಂದನ್ನು ಹೊಂದಿದ್ದು ಬಿಟ್ಟವರಿಗೆ ಮಾತ್ರ ಅಂಟಿಕೊಂಡಿದೆ; ಮಾಜಿ ಶಾಸಕ, ಮಾಜಿ ಪ್ರಧಾನಿ, ಮಾಜಿ ಸೈನಿಕ ಎಲ್ಲರೂ ಒಂದು ಪದವಿಯಿಂದ ಇಳಿದವರು. ಶಾಸಕನು ಕುಳಿತೆದ್ದ ಸ್ಥಾನವೇ ಕ್ಷೇತ್ರವಾದ್ದರಿಂದ, ‘ಮಾಜಿ ಕ್ಷೇತ್ರ’ ಎಂದರೆ ಕುಳಿತವನ ವಿಶೇಷಣವನ್ನು ಕುರ್ಚಿಗೆ ತೊಡಿಸಿದಂತೆ ಆಗುತ್ತದೆ.

‘ಹಿಂದಿನ ಕ್ಷೇತ್ರ’ ಎನ್ನಬಹುದಲ್ಲ ಎಂದು ಕೆಲವರು ಹೇಳಬಹುದು. ನಾನೂ ಮೊದಲು ಹಾಗೆಯೇ ಬರೆದುಕೊಂಡಿದ್ದೆ. ತೊಡಕು ಏನೆಂದರೆ ‘ಹಿಂದಿನ’ ಎಂಬುದು ಯಾವಾಗಲೂ ‘ಯಾರ ಹಿಂದಿನ, ಯಾವುದರ ಹಿಂದಿನ’ ಎಂಬ ಪ್ರಶ್ನೆಯನ್ನು ಬಾಲದಂತೆ ಎಳೆದುಕೊಂಡೇ ಬರುತ್ತದೆ. ಸಿದ್ದರಾಮಯ್ಯನವರು 2018ರಲ್ಲಿ ಬಾದಾಮಿಯಿಂದ ಗೆದ್ದು 2023ರಲ್ಲಿ ವರುಣದಿಂದ ಗೆದ್ದರು. ಆದ್ದರಿಂದ ಬಾದಾಮಿ ಅವರ ಹಿಂದಿನ ಕ್ಷೇತ್ರ. ಬಾದಾಮಿ ಕ್ಷೇತ್ರವೇನೋ ಇವತ್ತಿಗೂ ಇದೆ. ಡಿ.ಕೆ. ಶಿವಕುಮಾರ್ ಅವರಿಗೆ ಸಾತನೂರು ಹಿಂದಿನ ಕ್ಷೇತ್ರ. ಅದು 2008ರಲ್ಲಿ ಇಲ್ಲವಾಗಿ ಅವರು ಕನಕಪುರಕ್ಕೆ ಬಂದರು. ಎರಡು ವಾಕ್ಯಗಳಲ್ಲೂ ‘ಹಿಂದಿನ ಕ್ಷೇತ್ರ’ ಎಂಬುದೇ ಬರುತ್ತದೆ, ಆದರೆ ಒಂದರಲ್ಲಿ ಅಭ್ಯರ್ಥಿ ಕ್ಷೇತ್ರವನ್ನು ಬಿಟ್ಟಿದ್ದಾರೆ, ಇನ್ನೊಂದರಲ್ಲಿ ಕ್ಷೇತ್ರವೇ ಅಭ್ಯರ್ಥಿಯನ್ನು ಬಿಟ್ಟುಹೋಗಿದೆ. ಈ ವ್ಯತ್ಯಾಸವನ್ನು ಹೇಳಲಾರದ ಪದ ನನ್ನ ಕೆಲಸಕ್ಕೆ ಬರುವುದಿಲ್ಲ.

‘ರದ್ದಾದ ಕ್ಷೇತ್ರ’ ಸ್ಪಷ್ಟವಾಗಿದೆ, ಆದರೆ ಅದರಲ್ಲಿ ತಪ್ಪು ನಡೆದು ಶಿಕ್ಷೆಯಾದ ವಾಸನೆ ಇದೆ. ಚುನಾವಣೆ ರದ್ದಾಗುವುದು, ನಾಮಪತ್ರ ರದ್ದಾಗುವುದು ಇದ್ದೇ ಇರುವುದರಿಂದ ಓದುಗರ ಮನಸ್ಸು ಆ ಕಡೆಗೆ ಹರಿಯುತ್ತದೆ. ‘ಕಣ್ಮರೆಯಾದ’, ‘ಅಳಿದುಹೋದ’ ಎಂಬವು ಪತ್ರಿಕೆಯ ತಲೆಬರಹಕ್ಕೆ ಸೊಗಸು, ಕೋಷ್ಟಕದ ತಲೆಬರಹಕ್ಕೆ ಅಲ್ಲ. ಹಿಂದಿಯವರ ‘ಭೂತಪೂರ್ವ’ವನ್ನು ತರೋಣವೆಂದರೆ ಕನ್ನಡದಲ್ಲಿ ಅದರ ನಿಷೇಧರೂಪವಾದ ‘ಅಭೂತಪೂರ್ವ’ ಮಾತ್ರ ಚಲಾವಣೆಯಲ್ಲಿದೆ, ಅದೂ ಹೆಚ್ಚಾಗಿ ಗೆಲುವಿನ ಮುಂದೆ.

ನನಗೆ ಒಪ್ಪಿಗೆಯಾಗಿರುವುದು ‘ಹಳೆಯ’ ಎಂಬ ಸಾದಾ ಪದ. ವಯಸ್ಸಾದ ಎಂಬ ಅರ್ಥ ಬರುವುದಿಲ್ಲವೇ ಎಂದು ಕೇಳಿದರೆ, ‘ಹಳೇ ಮೈಸೂರು’ ಎಂಬ ಪ್ರಯೋಗದ ಕಡೆಗೆ ಬೊಟ್ಟು ಮಾಡುತ್ತೇನೆ. ಚುನಾವಣೆಯ ಮಾತು ಬಂದಾಗಲೆಲ್ಲ ‘ಹಳೇ ಮೈಸೂರು ಭಾಗ’ ಎನ್ನುತ್ತೇವಲ್ಲ, ಅದು ಮೈಸೂರು ನಗರದ ಹಳೆಯ ಬೀದಿಗಳ ಮಾತಲ್ಲ. 1956ರ ಏಕೀಕರಣಕ್ಕೆ ಮುಂಚೆ ಇದ್ದು ಈಗ ಆ ಗಡಿಗಳೊಂದಿಗೆ ಇಲ್ಲದಿರುವ ರಾಜ್ಯದ ಮಾತು. ಅಂದರೆ ಆಡಳಿತದ ಘಟಕವೊಂದು ಹೋಗಿ ನೆಲ ಉಳಿದಿರುವಾಗ ಆ ನೆಲವನ್ನು ಹೋದ ಘಟಕದ ಹೆಸರಿನಿಂದಲೇ ಕರೆಯಬೇಕಾದರೆ ಕನ್ನಡ ‘ಹಳೆಯ’ವನ್ನು ಆಗಲೇ ಆರಿಸಿಕೊಂಡಿದೆ. ಹಳೇಬೀಡಿನ ‘ಹಳೆ’ಯೂ ಇದೇ ಬಗೆಯದು; ದೋರಸಮುದ್ರ ಬೀಡಾಗಿದ್ದದ್ದು ಮುಗಿದ ಮೇಲೆ ಬಂದ ಹೆಸರು ಅದು. (ಕೊಳ್ಳೇಗಾಲ ಮಾತ್ರ ಹಳೇ ಮೈಸೂರಿಗೆ ಸೇರಿರಲಿಲ್ಲ, 1956ರವರೆಗೆ ಅದು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಇಂದು ಆ ಭಾಗವನ್ನೂ ರಾಜಕೀಯ ವಿಶ್ಲೇಷಕರು ಹಳೇ ಮೈಸೂರಿಗೇ ಸೇರಿಸಿ ಮಾತನಾಡುತ್ತಾರೆ.) ಹೀಗಾಗಿ ‘ಹಳೆಯ ಸಂತೇಮರಹಳ್ಳಿ ಕ್ಷೇತ್ರ’ ಎಂದು ಬರೆದರೆ ಊರು ಈಗಲೂ ಇದೆ, ಕ್ಷೇತ್ರ ಇಲ್ಲ ಎಂಬುದು ಒಟ್ಟಿಗೆ ತಿಳಿಯುತ್ತದೆ ಎಂದು ನನ್ನ ಅನಿಸಿಕೆ. ‘ಹಳೆಯ’ ಎಂಬುದು ಕ್ಷೇತ್ರಕ್ಕೆ ಅನ್ವಯಿಸದೆ ಸಂತೇಮರಹಳ್ಳಿಗೇ ಅನ್ವಯಿಸಿಬಿಡುವ ಅಪಾಯ ಇದೆಯೆಂದು ತೋರಿದರೆ ‘ಸಂತೇಮರಹಳ್ಳಿ ಹಳೆಯ ಕ್ಷೇತ್ರ’ ಎಂದು ತಿರುಗಿಸಬಹುದೇನೋ, ಆದರೆ ಆ ಕ್ರಮ ನನ್ನ ಕಿವಿಗೆ ತುಸು ಕುಂಟುತ್ತದೆ.

ಇದರ ಜೊತೆಯಲ್ಲೇ ‘ಮತದಾನದ ಇತಿಹಾಸ’ ಎಂಬ ಪ್ರಯೋಗವನ್ನೂ ಕೈಬಿಟ್ಟಿದ್ದೇನೆ. ಮತದಾನ ಎಂದರೆ ಮತ ಕೊಡುವ ಕ್ರಿಯೆ. ಅದರ ಇತಿಹಾಸ ಎಂದರೆ ನೂರಕ್ಕೆ ಎಷ್ಟು ಜನ ಮತಗಟ್ಟೆಗೆ ಬಂದರು ಎಂಬ ಲೆಕ್ಕ. ಯಾರು ನಿಂತರು, ಯಾರು ಗೆದ್ದರು, ಎಷ್ಟರಿಂದ ಗೆದ್ದರು ಎಂಬುದಕ್ಕೆ ‘ಚುನಾವಣಾ ಇತಿಹಾಸ’ವೇ ಸರಿ. ಹೊರದೇಶಗಳ ವಿಷಯ ಬರೆಯುವವರು ‘ಚುನಾವಣಾ ಜಿಲ್ಲೆ’ ಎಂದು ಅನುವಾದಿಸುವುದೂ ಉಂಟು. ನಮ್ಮಲ್ಲಿ ಜಿಲ್ಲೆ ಎಂದರೆ ಕಂದಾಯದ ಘಟಕ, ಅಲ್ಲಿ ಜಿಲ್ಲಾ ಚುನಾವಣಾಧಿಕಾರಿ ಎಂಬವರೂ ಇರುತ್ತಾರೆ. ಆ ಪದದಿಂದ ಗೊಂದಲವಲ್ಲದೆ ಬೇರೆ ಪ್ರಯೋಜನವಿಲ್ಲ.

ಇನ್ನು ಎರಡನೆಯ ಪ್ರಶ್ನೆ. ನಿಜವಾಗಿ ನನ್ನನ್ನು ಹೆಚ್ಚು ಕಾಡಿರುವುದು ಇದೇ. ಸಂತೇಮರಹಳ್ಳಿ ಕ್ಷೇತ್ರವನ್ನು ಜನ ಇಂದಿಗೂ ನೆನೆಯುವುದು ಅದರ ಕೊನೆಯ ಚುನಾವಣೆಗಾಗಿ. 2004ರಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತಗಳೂ ಜಾತ್ಯತೀತ ಜನತಾದಳದ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751 ಮತಗಳೂ ಬಂದವು. ಕೋಷ್ಟಕ ಮಾಡುವಾಗ ಗೆಲುವಿನ ಅಂತರದ ಅಂಕಣಕ್ಕೆ ಚಿಕ್ಕದೊಂದು ಹೆಸರು ಬೇಕಾಗಿ, ಮತ ಮತ್ತು ಅಂತರ ಎರಡನ್ನೂ ಕೂಡಿಸಿ ‘ಮತಾಂತರ’ ಎಂದು ಬರೆದುಬಿಟ್ಟಿದ್ದೆ! ಸವರ್ಣದೀರ್ಘ ಸಂಧಿಯ ಪ್ರಕಾರ ಅದರಲ್ಲಿ ದೋಷವಿಲ್ಲ. ಆದರೆ ‘2004: ಮತಾಂತರ 1’ ಎಂದು ಓದಿದವರು ಏನೆಂದುಕೊಳ್ಳುತ್ತಾರೆ ಎಂಬುದು ಮರುದಿನ ಹೊಳೆಯಿತು. ಈಗ ಅಲ್ಲಿ ಬರಿಯ ‘ಅಂತರ’ ಎಂದಿದೆ.

ಅದಕ್ಕಿಂತ ಸೂಕ್ಷ್ಮವಾದ ತೊಡಕು ಶೀರ್ಷಿಕೆಯಲ್ಲಿ ಬಂತು. ‘ಒಂದು ಮತದ ಗೆಲುವು’ ಎಂಬುದನ್ನು ಸಮಾಸವಾಗಿ ಬಿಗಿಗೊಳಿಸೋಣವೆಂದು ‘ಏಕಮತದ ಗೆಲುವು’ ಎಂದು ಬರೆದರೆ ಅರ್ಥ ಪೂರ್ತಿ ತಲೆಕೆಳಗಾಗುತ್ತದೆ. ಏಕಮತದಿಂದ ಆಯ್ಕೆಯಾದವರು ಎಂದರೆ ಯಾರೂ ವಿರೋಧಿಸದೆ, ಎಲ್ಲರ ಒಪ್ಪಿಗೆಯಿಂದ ಬಂದವರು. ಒಂದು ಮತದಿಂದ ಆಯ್ಕೆಯಾದವರು ಎಂದರೆ ಕ್ಷೇತ್ರ ಹೆಚ್ಚುಕಡಿಮೆ ಸರಿಸಮನಾಗಿ ಎರಡಾಗಿ ಸೀಳಿದಾಗ ಕೂದಲೆಳೆಯಷ್ಟರಲ್ಲಿ ಈಚೆಗೆ ಬಿದ್ದವರು. ‘ಏಕ’ದ ಬದಲು ಕನ್ನಡದ ‘ಒಂದು’ ತಂದು ‘ಒಮ್ಮತ’ ಎಂದರೂ ಅದೇ ಕಥೆ. ಬಿಡಿಸಿ ಬರೆದರೆ ಎಣಿಕೆ, ಕೂಡಿಸಿ ಬರೆದರೆ ಐಕ್ಯ. ಕಾರಣ ‘ಮತ’ದ ಎರಡು ಅರ್ಥಗಳಲ್ಲಿದೆ ಎಂದು ನನಗೆ ತೋರುತ್ತದೆ: ಸಮಾಸದೊಳಗಿನ ‘ಮತ’ ಅಭಿಪ್ರಾಯ ಎಂಬ ಹಳೆಯ ಅರ್ಥವನ್ನು ಉಳಿಸಿಕೊಂಡಿದೆ, ಬಿಡಿಯಾಗಿ ನಿಂತ ‘ಮತ’ ಪೆಟ್ಟಿಗೆಗೆ ಬೀಳುವ ಓಟು ಎಂಬ ಹೊಸ ಅರ್ಥಕ್ಕೆ ಜಾರಿದೆ. ‘ಭಿನ್ನಮತ’, ‘ಸಹಮತ’ಗಳಲ್ಲೂ ಹೀಗೆಯೇ. ಆದರೆ ‘ಬಹುಮತ’, ‘ವಿಶ್ವಾಸಮತ’ಗಳು ಈ ನಿಯಮಕ್ಕೆ ಪೂರ್ತಿ ಬಗ್ಗುವುದಿಲ್ಲ, ಅವು ಸಮಾಸವಾಗಿದ್ದೂ ಎಣಿಕೆಯನ್ನೇ ಹೇಳುತ್ತವೆ. 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ ವಿಶ್ವಾಸಮತವನ್ನು ಕಳೆದುಕೊಂಡದ್ದೂ 269ಕ್ಕೆ 270ರಂತೆ ಒಂದೇ ಮತದಿಂದ, ಅಲ್ಲಿಯೂ ‘ಏಕಮತದ ಸೋಲು’ ಎನ್ನಲಾಗದು.

ಆಡುಮಾತಿನವರಿಗೆ ಈ ಕಷ್ಟವೇ ಇಲ್ಲ. ‘ಒಂದು ಓಟಲ್ಲಿ ಗೆದ್ದರು’ ಎಂದರೆ ಮುಗಿಯಿತು. ಆ ‘ಅಲ್ಲಿ’ ಪ್ರತ್ಯಯ ಅಂತರವನ್ನು ಎಷ್ಟು ಸಲೀಸಾಗಿ ಹೇಳುತ್ತದೆ ನೋಡಿ. ಬರಹದ ‘ಒಂದು ಮತದಿಂದ’ ಎಂಬಲ್ಲಿ, ಗೆದ್ದದ್ದು ಅಷ್ಟರ ಅಂತರದಿಂದಲೋ ಅಥವಾ ಯಾವುದೋ ಒಂದು ಮತದ ಕಾರಣದಿಂದಲೋ ಎಂಬ ಎರಡೂ ನೆರಳುಗಳಿವೆ. ಕೃಷ್ಣಮೂರ್ತಿಯವರ ಚಾಲಕನಿಗೆ ಮತ ಹಾಕಲು ಬಿಡುವು ಸಿಗಲಿಲ್ಲ ಎಂಬ ಮಾತು ಆಗ ಪತ್ರಿಕೆಗಳಲ್ಲಿ ಬಂದದ್ದು ನೆನಪಿರುವವರಿಗೆ ಆ ಎರಡನೆಯ ನೆರಳೇ ಗಾಢವಾಗಿ ಕಾಣಬಹುದು.

ಕೋಷ್ಟಕದ ಕೆಳಗೆ ಒಂದು ಅಡಿಟಿಪ್ಪಣಿ ಬರೆಯಬೇಕಾಗಿದೆ: ಧ್ರುವನಾರಾಯಣ ಅವರು 2008ರಲ್ಲಿ ಕೊಳ್ಳೇಗಾಲದಿಂದ ಶಾಸಕರಾಗಿ, ಮರುವರ್ಷ ಚಾಮರಾಜನಗರದ ಸಂಸದರಾದರು, 2023ರ ಮಾರ್ಚ್‌ನಲ್ಲಿ ತೀರಿಕೊಂಡರು, ಅದೇ ವರ್ಷದ ಮೇ ತಿಂಗಳಲ್ಲಿ ಕೃಷ್ಣಮೂರ್ತಿಯವರು ಅದೇ ಕೊಳ್ಳೇಗಾಲದಿಂದ, ಅದೂ ಕಾಂಗ್ರೆಸ್ಸಿನಿಂದಲೇ ಗೆದ್ದರು. 2004ಕ್ಕೆ ಮುಂಚೆ ಸಂತೇಮರಹಳ್ಳಿಯ ಶಾಸಕರಾಗಿದ್ದ ಅವರನ್ನು ಈಗ ‘ಸಂತೇಮರಹಳ್ಳಿಯ ಮಾಜಿ ಶಾಸಕ, ಕೊಳ್ಳೇಗಾಲದ ಹಾಲಿ ಶಾಸಕ’ ಎಂದು ಬರೆದರೆ ವ್ಯಾಕರಣಕ್ಕೆ ಸರಿಯಾದರೂ, ಸಂತೇಮರಹಳ್ಳಿಗೆ ಬೇರೊಬ್ಬ ಹಾಲಿ ಶಾಸಕರಿದ್ದಾರೆ ಎಂಬ ಭ್ರಮೆ ಹುಟ್ಟುತ್ತದೆ. ಸಂತೇಮರಹಳ್ಳಿಗೂ ಈಗ ಅವರೇ ಶಾಸಕರು. ‘ಹಳೆಯ ಸಂತೇಮರಹಳ್ಳಿ ಕ್ಷೇತ್ರದ ಶಾಸಕರಾಗಿದ್ದವರು’ ಎಂದು ಉದ್ದವಾಗಿ ಬರೆಯುವುದನ್ನು ಬಿಟ್ಟು ಬೇರೆ ದಾರಿ ಇದ್ದರೆ ತಿಳಿಸಬೇಕಾಗಿ ಕೋರುತ್ತೇನೆ. ಹಾಗೆಯೇ ಮೈಸೂರು, ಮಂಡ್ಯ, ಚಾಮರಾಜನಗರದ ಕಡೆಯವರು ತಮ್ಮ ಊರಿನಲ್ಲಿ ಬನ್ನೂರು, ಕಿರುಗಾವಲು, ಸಂತೇಮರಹಳ್ಳಿಗಳಂಥ ಕ್ಷೇತ್ರಗಳ ಬಗ್ಗೆ ಮಾತನಾಡುವಾಗ ‘ಹಳೇ ಕ್ಷೇತ್ರ’ ಎನ್ನುತ್ತಾರೆಯೋ, ‘ಮುಂಚಿನ ಕ್ಷೇತ್ರ’ ಎನ್ನುತ್ತಾರೆಯೋ, ಅಥವಾ ವಿಶೇಷಣದ ಗೊಡವೆಯೇ ಇಲ್ಲದೆ ‘ಸಂತೇಮರಹಳ್ಳಿ ಇದ್ದಾಗ’ ಎಂದುಬಿಡುತ್ತಾರೆಯೋ ಎಂಬುದನ್ನೂ ಹೇಳಿದರೆ ಉಪಕಾರವಾಗುತ್ತದೆ.