ಅಪ್‌ಡೇಟ್: ಅಪ್ಪನ ಕಣ್ಣಿನ ಟ್ರಯಲ್‌ಗೆ ಸಹಿ ಹಾಕಿದೆವು
ಅಪ್ಪನ ಪೊರೆ ಆಪರೇಷನ್ ಜೊತೆ ಹೊಸ ಡ್ರಾಪ್ಸ್‌ನ ಟ್ರಯಲ್‌ಗೂ (ಔಷಧ ಪ್ರಯೋಗಕ್ಕೂ) ಸೇರಿಸುತ್ತೇವೆ ಅಂತ ಆಸ್ಪತ್ರೆಯವರು ಅಂದಿದ್ದಾರೆ, ಒಪ್ಪಬಹುದಾ ಅಂತ ಕೇಳಿದ್ದೆನಲ್ವಾ? ನೀವು ಹೇಳಿದ ಹಾಗೆ ಮೊದಲು ಸಿಟಿಆರ್‌ಐ (ದೇಶದಲ್ಲಿ ನಡೆಯುವ ಇಂಥ ಟ್ರಯಲ್‌ಗಳ ನೋಂದಣಿ ಪಟ್ಟಿ) ನಂಬರ್ ಕೇಳಿದೆ. 2009ರಿಂದ ಟ್ರಯಲ್‌ಗಳನ್ನು ಅಲ್ಲಿ ನೋಂದಾಯಿಸಲೇಬೇಕು. ಹುಡುಕಿದೆ, ಸಿಕ್ಕಿತು. ಒಪ್ಪಿಗೆ ಪತ್ರ ಕನ್ನಡದಲ್ಲೇ ಇತ್ತು. ಯಾವಾಗ ಬೇಕಾದರೂ ಬಿಡಬಹುದು, ಬಿಟ್ಟರೂ ಚಿಕಿತ್ಸೆ ನಿಲ್ಲುವುದಿಲ್ಲ ಅಂತ ಬರೆದಿತ್ತು. ಅಪ್ಪ ಮೂಗಿನ ಹತ್ತಿರ ಹಿಡಿದು ಎರಡು ಸಲ ಓದಿದರು. ಆಮೇಲೆ ಸಹಿ.

ಆಪರೇಷನ್ ಸುಸೂತ್ರ. ಬಾಟಲಿ ಮೇಲೆ ಬರೀ ನಂಬರ್ ಇದೆ. ಒಳಗಿರುವುದು ಹಳೆ ಮದ್ದಾ ಹೊಸದಾ ಅಂತ ಡಾಕ್ಟರಿಗೂ ಗೊತ್ತಿಲ್ಲವಂತೆ! ತಾಪತ್ರಯ ಒಂದೇ, ಈ ಮಳೆಯಲ್ಲಿ ಮಡಿಕೇರಿಯಿಂದ ಮೈಸೂರಿಗೆ ಪದೇ ಪದೇ ಹೋಗಬೇಕು. ಬಸ್ ಖರ್ಚು ಅವರೇ ಕೊಡುತ್ತಾರೆ.

ನಿನ್ನೆ ಅಪ್ಪ ಅಂಗಳದಿಂದಲೇ ಮೆಣಸಿನ ಬಳ್ಳಿಯ ಹಳದಿ ಎಲೆ ಕಂಡುಹಿಡಿದು, "ಇಷ್ಟು ದಿನ ನಿಂಗೆ ಕಣ್ಣಿರಲಿಲ್ವಾ?" ಅಂತ ನನಗೇ ಬೈದರು.