ನಾಳೆ 11 ಗಂಟೆಯೊಳಗೆ ಹೂಂ ಅನ್ನಬೇಕಂತೆ, ಏನು ಮಾಡಲಿ?

ಹೊಸ ಸಿಸ್ಟರ್, ಹಾವೇರಿ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಬಿಎಸ್ಸಿ ನರ್ಸಿಂಗ್ ಮುಗಿಸಿ ನಾಲ್ಕು ತಿಂಗಳಾಯಿತು. ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಷನ್ ಹೋದ ತಿಂಗಳು ಕೈಗೆ ಬಂತು. ಸೋಮವಾರ ಬೆಂಗಳೂರಿನ ಒಂದು ದೊಡ್ಡ ಖಾಸಗಿ ಆಸ್ಪತ್ರೆಗೆ ಇಂಟರ್‌ವ್ಯೂಗೆ ಹೋಗಿದ್ದೆ. ರಾತ್ರಿ ಬಸ್ಸು, ಮೆಜೆಸ್ಟಿಕ್‌ನಲ್ಲೇ ಮುಖ ತೊಳೆದುಕೊಂಡು ಸೀದಾ ಅಲ್ಲಿಗೆ. ನಮ್ಮ ಬ್ಯಾಚಿನವರೇ ಹನ್ನೊಂದು ಜನ ಇದ್ದೆವು. ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ ಪೊಟ್ಯಾಸಿಯಂ ಕ್ಲೋರೈಡ್ ಹೇಗೆ ಕೊಡ್ತೀಯ ಅಂತ ಕೇಳಿದರು. ಡೈಲ್ಯೂಟ್ ಮಾಡದೆ ಕೊಡಲೇಬಾರದು ಮೇಡಂ ಅಂದೆ. ನಕ್ಕರು. ಬರುವಾಗ ದಾರಿಯುದ್ದಕ್ಕೂ ಖುಷಿ.

ಇವತ್ತು ಸಂಜೆ 6ಕ್ಕೆ ಎಚ್‌ಆರ್‌ನಿಂದ ಫೋನ್ ಬಂತು. ಐಸಿಯುಗೆ ಸೆಲೆಕ್ಟ್ ಆಗಿದ್ದೀರಿ, ತಿಂಗಳಿಗೆ 22,000. ನಾಳೆ ಬೆಳಿಗ್ಗೆ 11ರೊಳಗೆ ಹೇಳದಿದ್ದರೆ ಲಿಸ್ಟಿನಲ್ಲಿ ಮುಂದಿನವರಿಗೆ ಹೋಗುತ್ತೆ ಅಂದರು. ಎರಡು ವರ್ಷದ ಬಾಂಡ್, ನಡುವೆ ಬಿಟ್ಟರೆ 1 ಲಕ್ಷ ಕಟ್ಟಬೇಕು. ಸೇರುವ ದಿನ ಒರಿಜಿನಲ್ ಮಾರ್ಕ್ಸ್ ಕಾರ್ಡ್, ರಿಜಿಸ್ಟ್ರೇಷನ್ ಸರ್ಟಿಫಿಕೇಟ್, ಸಹಿ ಮಾಡಿದ ಖಾಲಿ ಚೆಕ್ ತರಬೇಕಂತೆ. ಆಫರ್ ಲೆಟರ್ ಕಳಿಸ್ತೀರಾ ಅಂದೆ. ಮೊದಲು ಒಪ್ಪಿಕೊಳ್ಳಿ, ಆಮೇಲೆ ಲೆಟರ್ ಅಂದರು.

ಹುಬ್ಬಳ್ಳಿಯ ಇನ್ನೊಂದು ಆಸ್ಪತ್ರೆಯ ರಿಸಲ್ಟ್ ಶುಕ್ರವಾರ ಬರುತ್ತೆ. ಅಲ್ಲಿ 18,000, ಆದರೆ ಮನೆಗೆ ಹತ್ತಿರ. ಏಮ್ಸ್ ಆಸ್ಪತ್ರೆಗಳ ನರ್ಸಿಂಗ್ ಆಫೀಸರ್ ಕೆಲಸದ ಪರೀಕ್ಷೆ ನಾರ್ಸೆಟ್‌ಗೂ ಓದುತ್ತಿದ್ದೇನೆ. ಅಪ್ಪ ಮಾತ್ರ "ಮನೆ ಬಾಗಿಲಿಗೆ ಬಂದ ಲಕ್ಷ್ಮೀನ ಕಾಲಲ್ಲಿ ಒದೀಬ್ಯಾಡ" ಅಂತಿದ್ದಾರೆ. ಎಜುಕೇಷನ್ ಲೋನ್ ಕಂತು ಬೇರೆ ಶುರುವಾಗುತ್ತೆ. ಯಾರಾದರೂ ಹೇಳಿ, ಪ್ಲೀಸ್. ಊಟ ಸೇರುತ್ತಿಲ್ಲ.

ನೈಟ್ ಡ್ಯೂಟಿ ಅಕ್ಕ, ಮೈಸೂರು

ತಂಗಿ, ಮೊದಲು ಊಟ ಮಾಡು.

ನಾನು ಐಸಿಯುನಲ್ಲಿ 14 ವರ್ಷ ಕಳೆದವಳು, ಈಗ ಇನ್‌ಚಾರ್ಜ್. ಡ್ಯೂಟಿ ಚಾರ್ಟ್ ಹಾಕುವವಳು ನಾನೇ. ಹಾಗಾಗಿ ಈ "ನಾಳೆ 11 ಗಂಟೆ" ಎಲ್ಲಿಂದ ಬರುತ್ತೆ ಅಂತ ಗೊತ್ತು. ಒಂದೇ ತಿಂಗಳಲ್ಲಿ ಮೂರ್ನಾಲ್ಕು ಜನ ಗಲ್ಫ್‌ಗೋ ಸರ್ಕಾರಿ ಕೆಲಸಕ್ಕೋ ಹೋಗಿಬಿಡುತ್ತಾರೆ. ಚಾರ್ಟ್‌ನಲ್ಲಿ ನೈಟ್ ಖಾಲಿ. ನಾನು ಸೂಪರಿಂಟೆಂಡೆಂಟ್ ತಲೆ ತಿನ್ನುತ್ತೇನೆ, ಅವರು ಎಚ್‌ಆರ್ ತಲೆ ತಿನ್ನುತ್ತಾರೆ, ಎಚ್‌ಆರ್ ನಿನ್ನ ತಲೆ ತಿನ್ನುತ್ತಾರೆ. ಅಷ್ಟೇ. ನಾಳೆ ಬೇಕಾದ ನರ್ಸ್ ಅವರಿಗೆ ಶನಿವಾರಕ್ಕೂ ಬೇಕೇ ಬೇಕು.

ನನಗೆ ಹೆದರಿಕೆ ಆಗಿದ್ದು ಒರಿಜಿನಲ್ಸ್ ಮಾತಿಗೆ. ನಾನೂ ಮೊದಲ ಕೆಲಸಕ್ಕೆ ಸೇರುವಾಗ ಇಡೀ ಫೈಲ್ ಕೊಟ್ಟುಬಿಟ್ಟಿದ್ದೆ. ಎಸ್ಸೆಸ್ಸೆಲ್ಸಿ ಕಾರ್ಡ್ ಕೂಡ! ಎಂಟು ತಿಂಗಳಿಗೆ ಸರ್ಕಾರಿ ನೇಮಕಾತಿಯ ದಾಖಲೆ ಪರಿಶೀಲನೆಗೆ ಕರೆ ಬಂತು. ಆಫೀಸಿಗೆ ಹೋಗಿ ಕೇಳಿದರೆ ಬೀರು ಕೀಲಿ ಮ್ಯಾನೇಜರ್ ಹತ್ತಿರ, ಮ್ಯಾನೇಜರ್ ರಜೆಯಲ್ಲಿ. "ಒರಿಜಿನಲ್ಸ್ ನಮ್ಮಲ್ಲಿವೆ" ಅಂತ ಸೀಲ್ ಹಾಕಿ ಒಂದು ಪತ್ರ ಕೊಟ್ಟರು. ಪರಿಶೀಲನೆ ಕೌಂಟರಿನವರು ಅದನ್ನು ತಿರುಗಿಸಿ ನೋಡಿ, "ಪತ್ರ ಓದೋಕೆ ಕರೆದಿಲ್ಲಮ್ಮ" ಅಂದರು. ಅಲ್ಲೇ ಕಾರಿಡಾರಿನಲ್ಲಿ ಕುಳಿತು ಅತ್ತಿದ್ದೆ. ನೀನು ನಾರ್ಸೆಟ್ ಓದುತ್ತಿದ್ದೀಯ. ಪಾಸಾದ ದಿನ ನಿನ್ನ ಕಾರ್ಡ್‌ಗಳು ಯಾರದೋ ಬೀರುವಿನಲ್ಲಿ ಇರಬಾರದು. ತೋರಿಸು, ನಿನ್ನ ಎದುರಿಗೇ ಜೆರಾಕ್ಸ್ ಜೊತೆ ತಾಳೆ ನೋಡಲಿ, ವಾಪಸ್ ತಗೋ.

ಇನ್ನು ಆ 22,000 ಕೈಗೆ ಬರುವುದಾ, ಇಲ್ಲಾ ಸಿಟಿಸಿನಾ, ಅಂದರೆ ಆಸ್ಪತ್ರೆ ನಿನಗಾಗಿ ಮಾಡುವ ಒಟ್ಟು ಖರ್ಚಾ? ಕೇಳಿಲ್ಲ ಅಲ್ವಾ? ಸಿಟಿಸಿ ಆದರೆ, ಬೇಸಿಕ್ 12,000 ಅಂತ ಇಟ್ಟುಕೋ. ಪಿಎಫ್ ನಿನ್ನ ಪಾಲು 12 ಪರ್ಸೆಂಟ್, 1,440. ಆಸ್ಪತ್ರೆ ಪಾಲಿನ 1,440 ಕೂಡ ಅದೇ 22,000ದ ಒಳಗೇ ಇರುತ್ತೆ. ಇಎಸ್‌ಐ, ಅಂದರೆ ನೌಕರರ ವಿಮೆಯ ಎರಡೂ ಪಾಲು ಹೋದರೆ ಕೈಗೆ 18,300ರ ಆಸುಪಾಸು. ಅದರಲ್ಲಿ ಹಾಸ್ಟೆಲ್, ಮೆಸ್ ಕಳೆ. ಹುಬ್ಬಳ್ಳಿಯ 18,000ಕ್ಕೂ ಇದನ್ನೇ ಕೇಳು, ಆಮೇಲೆ ಹೋಲಿಸು.

ಇನ್ನೊಂದು ಪ್ರಶ್ನೆ ಯಾರೂ ಕೇಳುವುದಿಲ್ಲ, ನೀನು ಕೇಳು. ಸೀನಿಯರ್ ಜೊತೆ ಎಷ್ಟು ದಿನ ಹಾಕ್ತೀರಿ? ವೆಂಟಿಲೇಟರ್ ಪೇಷೆಂಟ್ ಅಂದರೆ ಒಬ್ಬರಿಗೆ ಒಬ್ಬ ನರ್ಸ್ ಇರಬೇಕು. ಎರಡನೇ ವಾರಕ್ಕೇ ನೈಟ್‌ನಲ್ಲಿ ಮೂರು ಬೆಡ್ ಕೊಟ್ಟು ಒಬ್ಬಳೇ ನೋಡಿಕೋ ಅನ್ನುವ ಕಡೆ ಎಷ್ಟು ಸಂಬಳ ಕೊಟ್ಟರೂ ಬೇಡ.

ಬೆಳಿಗ್ಗೆ ನೀನೇ ಮೊದಲು ಫೋನ್ ಮಾಡು. "ಸರ್, ನನಗೆ ಕೆಲಸ ಬೇಕು. ಲೆಟರ್ ಮತ್ತು ಬಾಂಡ್ ಮೇಲ್ ಮಾಡಿ, ಮನೆಯಲ್ಲಿ ಓದಿ ಶನಿವಾರ ಹೇಳ್ತೀನಿ." ಇಷ್ಟೇ ಸಾಕು. ಲೋನ್ ಕಥೆ, ಅಪ್ಪನ ಕಥೆ ಹೇಳಲು ಹೋಗಬೇಡ.

ವಾರ್ಡ್ ಬ್ರದರ್

ಅಕ್ಕನ ಮಾತಿಗೆ ಸ್ವಲ್ಪ ಅಡ್ಡ ಬರುತ್ತೇನೆ, ಬೇಜಾರು ಮಾಡ್ಕೋಬೇಡಿ. ನಾನು ಮೊದಲ ಆಫರ್ ಬಿಟ್ಟೆ. ಬಾಂಡ್ ಅಂತ ಹೆದರಿ. ಆಮೇಲೆ ನಾರ್ಸೆಟ್, ಅದು ಆಗಲಿಲ್ಲ, ಮತ್ತೆ ಬರೆದೆ. ನೋಡುತ್ತಾ ನೋಡುತ್ತಾ 11 ತಿಂಗಳು ಮನೆಯಲ್ಲೇ. ಮುಂದಿನ ಇಂಟರ್‌ವ್ಯೂನಲ್ಲಿ ಕ್ಯಾನುಲಾ ಹಾಕು ಅಂದಾಗ ಕೈ ನಡುಗಿತು. ಗಲ್ಫ್ ಕಡೆ ಎರಡು ವರ್ಷದ ಅನುಭವ ಕೇಳುವವರೇ ಜಾಸ್ತಿ. ಐಸಿಯು ಅನುಭವ ಅಂದರೆ ಬೆಲೆ ಬೇರೆ. ಒರಿಜಿನಲ್ಸ್ ಕೊಡಬೇಡಿ, ಅದಕ್ಕೆ ನನ್ನದೂ ಒಪ್ಪಿಗೆ. ಆದರೆ ಕೆಲಸ ಸುಮ್ನೆ ಬಿಡಬೇಡಿ.

ಕೋರ್ಟ್ ರಸ್ತೆ

ನಾನು ನರ್ಸ್ ಅಲ್ಲ, ವಕೀಲರ ಆಫೀಸಿನಲ್ಲಿ ಕೆಲಸ. ನನ್ನ ಹೆಂಡತಿ ನರ್ಸ್, ಅದಕ್ಕೇ ಇಲ್ಲಿ ಓದುತ್ತಿರುತ್ತೇನೆ.

"ಬಾಂಡ್ ಕೋರ್ಟಿನಲ್ಲಿ ನಿಲ್ಲಲ್ಲ, ಸೈನ್ ಹಾಕಿ ಓಡಿಹೋಗು" ಅಂತ ಹೇಳುವವರು ಬಹಳ ಜನ. ಅದನ್ನು ನಂಬಬೇಡಿ. ವಿಜಯ ಬ್ಯಾಂಕಿನ ಒಬ್ಬ ಅಧಿಕಾರಿ ಮೂರು ವರ್ಷಕ್ಕೆ ಮೊದಲೇ ಬಿಟ್ಟು 2 ಲಕ್ಷ ಕಟ್ಟಿದ್ದರು. ನಮ್ಮ ಹೈಕೋರ್ಟ್ ಅವರ ಪರ ಹೇಳಿತ್ತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ, ಆ ಷರತ್ತು ಸರಿ ಅಂದಿತು. ಅದು ಸರ್ಕಾರಿ ಬ್ಯಾಂಕು, ಎಲ್ಲಾ ಬಾಂಡಿಗೂ ಹಾಗೇ ಆಗುತ್ತೆ ಅಂತಲ್ಲ. 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ, ಕಾಗದದಲ್ಲಿ 1 ಲಕ್ಷ ಅಂತ ಇದ್ದರೂ ಕೋರ್ಟ್ ಕೊಡಿಸುವುದು ನ್ಯಾಯವಾದ ಪರಿಹಾರ ಮಾತ್ರ, ಗರಿಷ್ಠ ಆ 1 ಲಕ್ಷ. ಆದರೆ ಅಲ್ಲಿಯವರೆಗೆ ಅಲೆಯುವವರು ಯಾರು?

ಖಾಲಿ ಚೆಕ್ ಮಾತ್ರ ಬೇಡವೇ ಬೇಡ. ಮೊತ್ತ ಅವರೇ ತುಂಬಿ ಹಾಕಿ, ಅದು ಬೌನ್ಸ್ ಆದರೆ ಕ್ರಿಮಿನಲ್ ಕೇಸು. ಬಾಂಡಿಗಿಂತ ದೊಡ್ಡ ತಲೆನೋವು.

ಸಂಬಳದ ಬಗ್ಗೆಯೂ ಒಂದು ಮಾತು. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ಸರ್ಕಾರ ಒಂದು ಸಮಿತಿ ಮಾಡಿತ್ತು. 50 ಹಾಸಿಗೆಗಿಂತ ಚಿಕ್ಕ ಖಾಸಗಿ ಆಸ್ಪತ್ರೆಯಲ್ಲೂ 20,000ಕ್ಕೆ ಕಡಿಮೆ ಇರಬಾರದು, 200ಕ್ಕಿಂತ ಜಾಸ್ತಿ ಹಾಸಿಗೆ ಇದ್ದರೆ ರಾಜ್ಯ ಸರ್ಕಾರಿ ನರ್ಸಿನಷ್ಟೇ ಕೊಡಬೇಕು ಅಂತ ಅದರ ಶಿಫಾರಸು. ಹತ್ತು ವರ್ಷದ ಹಿಂದಿನ ಲೆಕ್ಕ ಅದು. ಈಗ ನಿಮ್ಮ ಎರಡೂ ಆಫರ್ ನೋಡಿ, ನಗು ಬರುತ್ತೆ.

ಹೊಸ ಸಿಸ್ಟರ್, ಹಾವೇರಿ ಜಿಲ್ಲೆ

ಎಲ್ಲರಿಗೂ ಥ್ಯಾಂಕ್ಸ್. ಅಕ್ಕಾ, ಊಟ ಮಾಡಿದೆ.

ಬೆಳಿಗ್ಗೆ 9:30ಕ್ಕೆ ನಾನೇ ಫೋನ್ ಮಾಡಿದೆ. ಅಕ್ಕ ಹೇಳಿದ್ದನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಓದಿಬಿಟ್ಟೆ. ಶನಿವಾರ ಆಗಲ್ಲ, ಶುಕ್ರವಾರ ಸಂಜೆ 5ರವರೆಗೆ ಅಂದರು. ಒಂದು ಗಂಟೆಯಲ್ಲಿ ಲೆಟರ್ ಮೇಲ್‌ಗೆ ಬಂತು. ಅದು ಸಿಟಿಸಿನೇ. ಟ್ರೈನಿಂಗ್ ಆರು ವಾರ ಅಂತ ಇದೆ, ಅದು ಚೆನ್ನಾಗಿದೆ ಅನ್ನಿಸಿತು. ಚೆಕ್ ವಿಷಯ ಲೆಟರ್‌ನಲ್ಲಿ ಎಲ್ಲೂ ಇಲ್ಲ. ಒರಿಜಿನಲ್ಸ್ ಬಗ್ಗೆ ಕೇಳಿದರೆ "ಪಾಲಿಸಿ" ಅಂದರು. ನಾರ್ಸೆಟ್ ದಾಖಲೆ ಪರಿಶೀಲನೆಗೆ ಬೇಕಾಗುತ್ತೆ ಅಂದಾಗ ಮೇಡಂ ಹತ್ತಿರ ಮಾತಾಡ್ತೀವಿ ಅಂದಿದ್ದಾರೆ. ನೋಡೋಣ.

ಆಮೇಲೆ ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದೆ. ಅವತ್ತು ಬಂದಿದ್ದ ಹನ್ನೊಂದರಲ್ಲಿ ಒಂಬತ್ತು ಜನಕ್ಕೆ ಅದೇ ಫೋನ್ ಹೋಗಿದೆ. ಅದೇ ಐಸಿಯು, ಅದೇ 11 ಗಂಟೆ, ಅದೇ "ಲಿಸ್ಟಿನಲ್ಲಿ ಮುಂದಿನವರು". ನನ್ನ ಮುಂದಿನವಳು ಅಂದರೆ ನನ್ನ ರೂಮ್‌ಮೇಟೇ ಇರಬೇಕು. ಅವಳು ಹೆದರಿ ರಾತ್ರಿಯೇ ಹೂಂ ಅಂದುಬಿಟ್ಟಿದ್ದಾಳೆ. ಈಗ ಈ ಥ್ರೆಡ್ ಅವಳಿಗೆ ಕಳಿಸುತ್ತಿದ್ದೇನೆ.