ಪದಚರ್ಚೆ: ‘ದೇವದಾರಿ’ ಎಂದರೆ ದೇವದಾರುವೇ? ಸಾಫ್ಟ್‌ವುಡ್‌ಗೆ ‘ಮೆದುಮರ’ ಸಾಕೇ?

ಪ್ರಶ್ನೆ (ಪುಣೆಯಿಂದ): ಮರಗೆಲಸದ ಕೈಪಿಡಿಯೊಂದು ಮರಾಠಿಯಿಂದ ಕನ್ನಡಕ್ಕೆ ಬರುತ್ತಿದೆ. ‘ದೇವದಾರಿ ಫಳಿ’ ಎಂದಿರುವಲ್ಲೆಲ್ಲ ‘ದೇವದಾರು ಹಲಗೆ’ ಎನ್ನಬಹುದೇ? ಸಾಫ್ಟ್‌ವುಡ್‌ಗೆ ‘ಮೆದುಮರ’ ಸರಿಯೇ?

ಉತ್ತರ (ಮುಂಬಯಿಯಿಂದ): ದಯವಿಟ್ಟು ಎಲ್ಲೆಡೆ ಹಾಗೆ ಬರೆಯಬೇಡಿ. ನಿಮ್ಮ ಭವಾನಿ ಪೇಠೆಯ ಮರದ ಪೇಟೆಯಲ್ಲಾಗಲಿ ಇಲ್ಲಿಯ ರೇ ರೋಡಿನದರಲ್ಲಾಗಲಿ ‘ದೇವದಾರಿ ಖೋಕೆ’ ಎಂದರೆ ಸಾಮಾನು ತುಂಬಿ ಕಳಿಸುವ ಪೆಟ್ಟಿಗೆ; ಅದರ ಹಲಗೆ ಹೆಚ್ಚಾಗಿ ಪೈನ್. ನಿಜವಾದ ದೇವದಾರು (ಸೀಡ್ರಸ್ ದೇವದಾರ) ಪಶ್ಚಿಮ ಹಿಮಾಲಯದ್ದು. ಅದರ ಚೇಗಿನಲ್ಲಿ (ಕಾಂಡದ ನಡುವಿನ ಗಟ್ಟಿ ಮರದಲ್ಲಿ) ಎಣ್ಣೆಯಿದೆ, ಗೆದ್ದಲೂ ಬೂಷ್ಟೂ ಬೇಗ ಹತ್ತುವುದಿಲ್ಲ. ರೈಲು ಹಳಿಯ ಅಡಿಯ ಸ್ಲೀಪರುಗಳಿಗೆ (ಅಡ್ಡಮರಗಳಿಗೆ) ಬಳಸಿದ್ದು ಅದಕ್ಕೇ. ಆದರೆ ಅದೇ ಎಣ್ಣೆ ಗಂಟಿನ ಸುತ್ತ ಒಸರಿ ಪಾಲಿಶ್ ಕೆಡಿಸುತ್ತದೆ. ಕೈಪಿಡಿಯನ್ನು ನಂಬಿ ಯಾರಾದರೂ ಔಷಧಿ ಊಡಿಸದ (ಕಾಪಾಡುವ ರಾಸಾಯನಿಕ ತುಂಬದ) ಪೈನನ್ನು ಕೊಂಕಣದ ಮಳೆಗೆ ಬಾಗಿಲ ಚೌಕಟ್ಟು ಮಾಡಿ ನಿಲ್ಲಿಸಿದರೆ, ಅಡ್ಡ ಕೊಯ್ದ ಕೆಳತುದಿ ನೀರು ಹೀರಿ ಅಲ್ಲಿಂದಲೇ ಕೊಳೆಯುತ್ತದೆ. ಪೆಟ್ಟಿಗೆಯ ಹಲಗೆಗೆ ‘ಪೈನ್’ ಎಂದೇ ಇರಲಿ. ದಕ್ಷಿಣದ ಒಣಕಾಡಿನ ಎರಿತ್ರಾಕ್ಸಿಲಮ್ ಗಿಡಕ್ಕೂ ದೇವದಾರು ಎನ್ನುವುದುಂಟು. ಹಾಗಾಗಿ ಮೊದಲ ಸಲ ಸಸ್ಯನಾಮ ಕೊಡಿ.

ಅನುಮಾನವಿದ್ದರೆ ಕೀಸುಳಿ ಹೊಡೆದು ಹೊಸ ಮುಖ ಮೂಸಿ. ಪೈನಿಗೆ ಟರ್ಪೆಂಟೈನಿನ ವಾಸನೆ. ಇನ್ನೊಂದು ಗುರುತು: ಅಡ್ಡ ಕೊಯ್ದ ತುದಿಯನ್ನು ಬ್ಲೇಡಿನಿಂದ ನುಣುಪು ಮಾಡಿ ಹತ್ತುಪಟ್ಟಿನ ಮಸೂರದಲ್ಲಿ ನೋಡಿ. ಪೈನಿನಲ್ಲಿ ರಾಳದ ನಾಳಗಳು ಅಲ್ಲಲ್ಲಿ ಚುಕ್ಕೆಯಾಗಿ ಕಾಣುತ್ತವೆ; ದೇವದಾರುವಿನಲ್ಲಿ ಪೆಟ್ಟು ಬಿದ್ದ ಕಡೆ ಬಿಟ್ಟರೆ ಅವಿರುವುದಿಲ್ಲ.

‘ಮೆದುಮರ’ ನನಗೆ ಒಪ್ಪಿಗೆಯಿಲ್ಲ. ಬೂರುಗಕ್ಕೆ ಉಗುರು ಒತ್ತಿದರೆ ಗುರುತು ಬೀಳುತ್ತದೆ, ಆದರೂ ಶಾಸ್ತ್ರದ ಲೆಕ್ಕದಲ್ಲಿ ಅದು ಹಾರ್ಡ್‌ವುಡ್. ಚೀಡ್ ಪೈನು ಘನಮೀಟರಿಗೆ ಸುಮಾರು 575 ಕಿಲೊ, ಬೂರುಗಕ್ಕಿಂತ ಎಷ್ಟೋ ಭಾರ, ಅದು ಸಾಫ್ಟ್‌ವುಡ್. ಭೇದವಿರುವುದು ಗಟ್ಟಿತನದಲ್ಲಲ್ಲ, ಮರದ ಜಾತಿಯಲ್ಲಿ: ಪೈನ್, ದೇವದಾರುಗಳಂಥ ಸೂಜಿಯೆಲೆಯ ಮರಗಳು ಸಾಫ್ಟ್‌ವುಡ್, ಬೂರುಗದಂಥ ಅಗಲ ಎಲೆಯವು ಹಾರ್ಡ್‌ವುಡ್. ಭೂಗೋಳದ ಪಾಠದಲ್ಲಿ ‘ಸೂಚಿಪರ್ಣ ಕಾಡು’ ಎಂದು ಓದಿದವರಿಗೆ ‘ಸೂಚಿಪರ್ಣಿ ಮರ’ ತಟ್ಟನೆ ಹೊಳೆಯುತ್ತದೆ. ಒಮ್ಮೆ ಹಾಗೆ ವಿವರಿಸಿ, ಮುಂದೆ ‘ಸಾಫ್ಟ್‌ವುಡ್’ ಎಂದೇ ನಡೆಸಿ.

‘ಟ್ರೀಟೆಡ್’ ಪದದಲ್ಲೂ ಎಚ್ಚರ ಬೇಕು. ರಫ್ತು ಪೆಟ್ಟಿಗೆಯ ಮೇಲಿನ ‘ಎಚ್‌ಟಿ’ (ಹೀಟ್ ಟ್ರೀಟೆಡ್) ಮುದ್ರೆಗೆ, ಮರದ ಒಳತಿರುಳಿಗೂ 56 ಡಿಗ್ರಿ ಸೆಲ್ಸಿಯಸ್ ಬಿಸಿ 30 ನಿಮಿಷ ತಾಗಿದೆ ಎಂದಷ್ಟೇ ಅರ್ಥ. ಒಳಗಿದ್ದ ಹುಳ ಸಾಯುತ್ತದೆ, ನಾಳೆ ಬರುವ ಗೆದ್ದಲಿಗೆ ತಡೆಯಿಲ್ಲ. ಇದಕ್ಕೆ ‘ಬಿಸಿ ಕೊಟ್ಟ ಮರ’, ಒತ್ತಡದಲ್ಲಿ ರಾಸಾಯನಿಕ ತುಂಬಿದ್ದಕ್ಕೆ ‘ಔಷಧಿ ಊಡಿಸಿದ ಮರ’ ಎಂದು ಬೇರೆ ಬೇರೆಯಾಗಿಯೇ ಬರೆಯಿರಿ.